ತಂದೆಯ ಉದ್ಯೋಗ: ಜ್ಯಾಕ್‌ಹ್ಯಾಮರ್

ಆಗುವುದಿಲ್ಲ ಎಂದವಳು ನಮ್ಮ ಅತ್ತಿ, ಅಪ್ಪನ ಅಕ್ಕ. ಹೊರಗಿನವಳಲ್ಲ, ವೈರಿಯೂ ಅಲ್ಲ. ನಮ್ಮದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಹೇಳಿದಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ಫೇಲಾದ ಸುದ್ದಿ ಬಂದ ದಿನ ಅದು. ಮತ್ತೆ ಕಟ್ಟುತ್ತೇನೆ, ಪಿಯುಸಿ ಮಾಡುತ್ತೇನೆ, ಡಿಗ್ರಿಯನ್ನೂ ಮಾಡುತ್ತೇನೆ ಎಂದು ಅಳುತ್ತಲೇ ಹಟ ಹಿಡಿದಿದ್ದೆ.

“ಕೇಳ್ರಿ ಇಕಿ ಮಾತ! ಡಿಗ್ರಿ ಅಂತ ಡಿಗ್ರಿ. ನಮ್ಮ ಮನಿತನದಾಗ ಏಳನೇತ್ತ ದಾಟಿದವರು ಒಬ್ಬರರೆ ಅದಾರೇನು? ಇಕಿ ಬಿ.ಎ. ಸರ್ಟಿಫಿಕೇಟ್ ತಂದು ನನ್ನ ಕೈಯಾಗ ಇಟ್ಟ ದಿನ, ನಾ ನಮ್ಮ ತಮ್ಮನ ಮಶಿನ್ ಹಿಡಕೊಂಡು ಬಾವ್ಯಾಗ ಇಳಿತೀನಿ.”

ಅವ್ವ ನಕ್ಕಳು. ಅಪ್ಪ ನಗಲಿಲ್ಲ; ಅವನಿಗೆ ಕೇಳಿಸಿರಲಿಲ್ಲ. ಆ ಹೊತ್ತಿಗಾಗಲೇ ಅವನ ಬಲಗಿವಿ ಪೂರ್ತಿ ಹೋಗಿ ಎಡಗಿವಿ ಅರ್ಧ ಉಳಿದಿತ್ತು. ಅವ್ವ ಎಡಗಿವಿಯ ಹತ್ತಿರ ಬಾಯಿ ಒಯ್ದು ಅತ್ತಿಯ ಮಾತನ್ನು ಒದರಿ ಹೇಳಿದಳು. ಅಪ್ಪ ಸ್ವಲ್ಪ ವಿಚಾರ ಮಾಡಿದ.

“ಮಶಿನ್ ಇಪ್ಪತ್ನಾಕು ಕಿಲೊ ಅದ ಅಕ್ಕ. ರಾಡಿಂದು ಬ್ಯಾರೆ.”

“ಇರಲಿ ಬಿಡೊ. ಆಗದ ಮಾತಿಗಿ ತೂಕ ಯಾಕ ಹೇಳ್ತಿ?” ಎಂದು ಅತ್ತಿ ರೊಟ್ಟಿ ತಿರುವಿ ಹಾಕಿದಳು.

ನಮ್ಮ ಮನೆಯಲ್ಲಿ ಮಶಿನ್ ಎಂದರೆ ಒಂದೇ. ಹೊಲಿಗೆಯದಲ್ಲ, ಹಿಟ್ಟಿನ ಗಿರಣಿಯದಲ್ಲ. ಅಪ್ಪ ಹಿಡಿಯುವ ಜ್ಯಾಕ್‌ಹ್ಯಾಮರ್. ಮಶಿನ್ ಮಾಲಕರ ಟ್ರ್ಯಾಕ್ಟರಿನ ಹಿಂದೆ ಗಾಳಿಯ ಕಂಪ್ರೆಸರ್ ಕೂಡಿಸಿರುತ್ತಾರೆ. ಅದರಿಂದ ಮುಂಗೈ ದಪ್ಪದ ರಬ್ಬರ್ ಪೈಪು ಬಾವಿಯೊಳಗೆ ಇಳಿಯುತ್ತದೆ. ಪೈಪಿನ ತುದಿಗೆ ಮಶಿನ್, ಮಶಿನ್ನಿನ ಬಾಯಿಗೆ ಉಕ್ಕಿನ ರಾಡು. ಗಾಳಿ ಬಿಟ್ಟರೆ ರಾಡು ಕಲ್ಲಿನಲ್ಲಿ ತೂತು ಕೊರೆಯುತ್ತದೆ. ತೂತುಗಳು ಮುಗಿದ ಮೇಲೆ ಮದ್ದು ತುಂಬಿ ಸಿಡಿಸಲು ಲೈಸೆನ್ಸ್ ಇದ್ದವರು ಬೇರೆ ಬರುತ್ತಾರೆ. ಅಪ್ಪನ ಕೆಲಸ ತೂತು ಕೊರೆಯುವುದು. ಬಾವಿ ಎಷ್ಟು ಆಳ, ಎಷ್ಟು ನೇರ ಹೋಗುತ್ತದೆ ಎಂಬುದು ಆ ತೂತುಗಳ ಮೇಲೆಯೇ ನಿಂತಿರುತ್ತದೆ.

ದೂರದಿಂದ ನೋಡಿದವರಿಗೆ ಅದು ಬರೀ ಗದ್ದಲ, ಬರೀ ಧೂಳು. ನನಗೂ ಚಿಕ್ಕವಳಿದ್ದಾಗ ಹಾಗೇ ಅನಿಸಿತ್ತು. ಆ ಮಶಿನ್ ಬರೀ ಬಡಿಯುವುದಿಲ್ಲ ಎಂದು ತಿಳಿಸಿಕೊಟ್ಟವನು ಅಪ್ಪ. ಒಂದು ಪೆಟ್ಟು ಹಾಕುತ್ತದೆ, ಚೂರೇ ಚೂರು ತಿರುಗುತ್ತದೆ, ಮತ್ತೊಂದು ಪೆಟ್ಟು ಹಾಕುತ್ತದೆ. ಕಣ್ಣಿಗೆ ಕಾಣದಷ್ಟು ಜಲ್ದಿ. “ಒಂದೇ ಕಡಿ ಹೊಡದ್ರ ರಾಡು ಸಿಗಬೀಳತದ. ಹೊಡೀಬೇಕು, ತಿರಗಬೇಕು. ತಿರಗೋದರಾಗೇ ಅದ ಅದರ ಶಾಣ್ಯಾತನ” ಎನ್ನುತ್ತಿದ್ದ. ಹೊಸಬರು ಮಶಿನ್ನಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಅರ್ಧ ದಿನಕ್ಕೇ ಅವರ ಭುಜ ಹೋಗುತ್ತದೆ. ಅಪ್ಪ ಹಿಡಿಯುವುದನ್ನು ನೋಡಿದರೆ ಕೈಗೂಸನ್ನು ನಿಲ್ಲಿಸಿ ಹಿಡಿದ ಹಾಗೆ ಇರುತ್ತಿತ್ತು. ಬೀಳಬಾರದು, ನೋಯಬಾರದು, ಅಷ್ಟೇ ಬಿಗಿ.

ನಮ್ಮ ಕಡೆಯ ಊರುಗಳನ್ನು ನಾನು ಬಸ್ಸಿನ ಬೋರ್ಡಿನಲ್ಲಿ ಓದಿ ಕಲಿತರೆ, ಅಪ್ಪ ಮೊಣಕೈಯಲ್ಲಿ ಕಲಿತಿದ್ದ. ಚಿಂಚೋಳಿ ಕಡೆ ಮೇಲೆ ಕೆಂಪು ಮುರುಮ್ ಮಣ್ಣು, ಕೆಳಗೆ ಕರಿಕಲ್ಲು. ಚಿತ್ತಾಪುರ, ವಾಡಿ, ಸೇಡಂ ಕಡೆ ಸುಣ್ಣದ ಕಲ್ಲು. ಶಹಾಬಾದ ಕಡೆ ಹಾಸು ಹಾಸಾಗಿ ಏಳುವ ಪರಸಿ, ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಯಾರಾದರೂ ಕೇಳಿದರೆ ಸಂಬಂಧಿಕರ ಸ್ವಭಾವ ಹೇಳಿದ ಹಾಗೆ ಹೇಳುತ್ತಿದ್ದ: “ಚಿಂಚೋಳಿ ಕಲ್ಲು ಭಾಳ ಸಿಟ್ಟಿಂದು, ಕೈಯಿಗಿ ತಿರುಗಿ ಹೊಡಿತದ. ವಾಡಿದು ಹೇಳಿದ್ದು ಕೇಳತದ. ಶಹಾಬಾದಿಂದು ನಮ್ಮ ಹುಡುಗಿ ಪುಸ್ತಕ ಇದ್ದಂಗ, ಹಾಳಿ ಮ್ಯಾಲ ಹಾಳಿ.” ಪರಸಿ ಖಣಿಗಳಲ್ಲಿ ಅವನ ಮಶಿನ್‌ಗೆ ಕೆಲಸ ಕಡಿಮೆ, ಜೋರು ಪೆಟ್ಟು ಬಿದ್ದರೆ ಹಾಸು ಸೀಳಿಹೋಗುತ್ತದೆ. ಆದರೂ ಆ ಕಲ್ಲಿನ ಮೇಲೆ ಅವನಿಗೆ ಮರ್ಯಾದೆ. ನಮ್ಮ ಮನೆಯ ಮುಂದೆ ಹಾಸಿದ್ದ ಎರಡು ಪರಸಿಗಳ ಮೇಲೆಯೇ ನಾನು ಕೂತು ಓದಿದ್ದು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಅವು ತಣ್ಣಗಿರುತ್ತಿದ್ದವು.

ಇನ್ನು ಆ ಹೆಸರಿನ ಮಾತು. ನಮ್ಮ ಕಡೆ ಜ್ಯಾಕ್‌ಹ್ಯಾಮರ್ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ. ಮಶಿನ್ ಎನ್ನುತ್ತಾರೆ, ಕೆಲವು ಕಡೆ ಕಂಪ್ರೆಸರ್ ಎಂದರೇ ಎಲ್ಲ ಬಂತು. ನಾನು ಆ ಹೆಸರನ್ನು ಅಕ್ಷರದಲ್ಲಿ ಮೊದಲು ಕಂಡದ್ದು ಪಿಯುಸಿಯಲ್ಲಿದ್ದಾಗ, ಸಿಮೆಂಟ್ ಫ್ಯಾಕ್ಟರಿಯ ಗೋಡೆಗೆ ಹಚ್ಚಿದ್ದ ಎಚ್ಚರಿಕೆಯ ಬೋರ್ಡಿನಲ್ಲಿ. ಕಿವಿಗೆ ರಕ್ಷಣೆ ಹಾಕಿಕೊಂಡ ಮನುಷ್ಯನ ಚಿತ್ರ, ಕೈಯಲ್ಲಿ ಅಪ್ಪನ ಮಶಿನ್, ಕೆಳಗೆ ಆ ಹೆಸರು. ಅಪ್ಪನ ಕಿವಿಗೆ ಅಂಥದು ಯಾರೂ ಕೊಟ್ಟಿರಲಿಲ್ಲ. ಅರಿವೆಯ ಉಂಡೆ ತುರುಕಿಕೊಳ್ಳುತ್ತಿದ್ದ. ಲೈಬ್ರರಿಗೆ ಹೋಗಿ ಇಂಗ್ಲಿಷ್ ಕನ್ನಡ ಕೋಶ ತೆಗೆದು ನೋಡಿದೆ. ಹ್ಯಾಮರ್ ಎಂದರೆ ಸುತ್ತಿಗೆ, ಅದು ಗೊತ್ತಿತ್ತು. ಜ್ಯಾಕ್ ಎನ್ನುವುದು ಗಂಡಸರಿಗೆ ಇಡುವ ಒಂದು ಹೆಸರಂತೆ, ಆಳುಮನುಷ್ಯನಿಗೂ ಹಾಗೆ ಕರೆಯುತ್ತಿದ್ದರಂತೆ. ಒಂದು ಸುತ್ತಿಗೆಗೆ ಮನುಷ್ಯನ ಹೆಸರು ಹಚ್ಚಿದ್ದಾರಲ್ಲ ಎಂದು ನನಗೆ ಭಾರಿ ಖುಷಿ. ಅಂದೇ ಸಂಜೆ ಅಪ್ಪನ ಎಡಗಿವಿಗೆ ಹೇಳಿದೆ.

“ಯಾಂವ ಅಂವ?” ಎಂದ ಅಪ್ಪ. “ಎಷ್ಟು ಬಾವಿ ಹೊಡದಾನ?”

“ಗೊತ್ತಿಲ್ಲಪ್ಪ. ಹೆಸರು ಅಷ್ಟ ಅದ.”

“ಹಂಗಾರ ಒಂದೂ ಹೊಡದಿಲ್ಲ ಬಿಡು” ಎಂದು ಮಜ್ಜಿಗೆಯ ಲೋಟ ಎತ್ತಿದ. ಲೋಟ ಅವನ ಕೈಯಲ್ಲಿ ನಡುಗುತ್ತಿತ್ತು. ಕೆಲಸದ ದಿನ ಕೈ ಹಾಗೆಯೇ. ಮಶಿನ್ ಬಂದಾದ ಮೇಲೂ ಒಂದು ತಾಸು ಅದು ತೋಳಿನಲ್ಲಿ ನಡೆಯುತ್ತಲೇ ಇರುತ್ತಿತ್ತು.

ಆದರೆ ನನ್ನ ಕಥೆ ನಿಂತಿರುವುದು ಬೇರೊಂದು ಸಂಗತಿಯ ಮೇಲೆ. ಜ್ಯಾಕ್‌ಹ್ಯಾಮರ್ ನಡೆಯುವಲ್ಲಿ ಮಾತು ನಡೆಯುವುದಿಲ್ಲ. ಬಾವಿಯ ಆಳದಲ್ಲಿ ಅಪ್ಪ, ಮೇಲೆ ಗಾಳಿಯ ನಲ್ಲಿಯ ಹತ್ತಿರ ಅವ್ವ. ಹೌದು, ಅವ್ವ. ಮೊದಮೊದಲು ಮಣ್ಣು ಹೊರಲು ಹೋದವಳು, ಗಾಳಿ ಬಿಡುವ ಆಳು ಒಂದು ದಿನ ಬರಲಿಲ್ಲವೆಂದು ನಲ್ಲಿಗೆ ನಿಂತಳು. ಆಮೇಲೆ ಅಪ್ಪ ಬೇರೆ ಯಾರನ್ನೂ ಆ ಜಾಗಕ್ಕೆ ಒಪ್ಪಲಿಲ್ಲ. ಇಬ್ಬರ ನಡುವೆ ಮಾತೆಲ್ಲ ಕೈಯಲ್ಲಿ. ಅಂಗೈ ಬಿಚ್ಚಿ ಎತ್ತಿದರೆ ಗಾಳಿ ಬಿಡು. ಮುಷ್ಟಿ ಕಟ್ಟಿದರೆ ಗಾಳಿ ಬಂದ್. ಎರಡು ಬೆರಳು ಎತ್ತಿದರೆ ಉದ್ದ ರಾಡು ಕೊಡು. ಬೆರಳು ಕೂಡಿಸಿ ತಿರುವಿದರೆ ರಾಡು ಸಿಕ್ಕಿಬಿದ್ದಿದೆ. ಅಂಗೈಯನ್ನು ನೆತ್ತಿಯ ಮೇಲೆ ಇಟ್ಟರೆ ಇದ್ದದ್ದನ್ನೆಲ್ಲ ಇದ್ದಲ್ಲೇ ಬಿಟ್ಟು ಮೇಲೆ ಬಾ, ಯಾಕೆ ಏನು ಎಂದು ಕೇಳಬೇಡ. ಮಣ್ಣಿನ ದಂಡೆ ಬಿರಿದರೆ, ಕಲ್ಲು ಜಾರಿದರೆ, ಆ ಕೈ.

ಅಪ್ಪನ ಕಿವಿ ಹೋಗುತ್ತ ಹೋದ ಹಾಗೆ ಈ ಸನ್ನೆಗಳು ಬಾವಿಯಿಂದ ಮನೆಗೆ ಬಂದವು. ಊಟಕ್ಕೆ ಕೂತಾಗ ಅಪ್ಪ ಎರಡು ಬೆರಳು ಎತ್ತಿದರೆ ಇನ್ನೊಂದು ರೊಟ್ಟಿ. ಮುಷ್ಟಿ ಕಟ್ಟಿದರೆ ಸಾಕು. ಅವ್ವ ಬೆರಳು ತಿರುವಿದರೆ ಒಲೆ ಹತ್ತುತ್ತಿಲ್ಲ ಎಂದು ಅರ್ಥ. ನಾನು ಮಾತು ಕಲಿಯುವುದಕ್ಕೂ ಮೊದಲೇ ಮುಷ್ಟಿ ಕಟ್ಟಿ ಹಾಲು ಬೇಡ ಎನ್ನುತ್ತಿದ್ದೆನಂತೆ. ಓದುವಾಗಲೂ ನನ್ನ ಎಡಗೈ ತನ್ನಷ್ಟಕ್ಕೆ ತಾನು ಆಡುತ್ತಿತ್ತು: ಪಾಠ ಶುರುವಾದರೆ ಅಂಗೈ ಬಿಚ್ಚಿಕೊಳ್ಳುವುದು, ಉದ್ದ ಉತ್ತರ ಬಂದರೆ ಎರಡು ಬೆರಳು, ಮುಗಿದರೆ ಮುಷ್ಟಿ. ಅದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಕೈ ನಮಗೆ ಎಲ್ಲಿ ಕಾಣಿಸುತ್ತದೆ?

ಗಣಿತ ಎರಡನೆಯ ಸಲಕ್ಕೆ ಪಾಸಾಯಿತು. ಪಿಯುಸಿ ಆಯಿತು. ತಾಲೂಕಿನ ಡಿಗ್ರಿ ಕಾಲೇಜಿಗೆ ಅರ್ಜಿ ತುಂಬುವಾಗ ‘ತಂದೆಯ ಉದ್ಯೋಗ’ ಎಂಬ ಸಾಲು ಬಂತು. ಹೈಸ್ಕೂಲಿನಲ್ಲಿ ಮಾಸ್ತರರು ಅಲ್ಲಿ ‘ಕೂಲಿ’ ಎಂದು ಬರೆದಿದ್ದರು. ಸುಳ್ಳೇನಲ್ಲ. ಆದರೆ ಇಪ್ಪತ್ತು ವರ್ಷಗಳ ಕಸುಬನ್ನು ಎರಡಕ್ಷರದಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಬೋರ್ಡಿನಲ್ಲಿ ಕಂಡಿದ್ದ ಹಾಗೆಯೇ ದಪ್ಪಕ್ಷರದಲ್ಲಿ ‘ಜ್ಯಾಕ್‌ಹ್ಯಾಮರ್ ಆಪರೇಟರ್’ ಎಂದು ಬರೆದೆ. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

“ಇದೇನವ್ವ ಇದು? ಜೆಸಿಬಿನಾ?”

“ಅಲ್ಲರಿ ಸಾರ್. ಜೆಸಿಬಿಗಿ ಗಾಲಿ ಇರತಾವ. ಇದಕ ನಮ್ಮಪ್ಪನ ಕಾಲೇ ಗಾಲಿ.”

“ಭಾಳ ಮಾತಾಡ್ತಿ ನೀ. ಕೂಲಿ ಅಂತ ಬರದ್ರ ಆಗ್ತಿತ್ತು” ಎಂದು ಠಸ್ಸೆ ಒತ್ತಿದರು. ಆ ಒಂದು ಸಾಲು ಮುಂದೆ ನನ್ನ ಡಿಗ್ರಿಯನ್ನು ಬೀಳದ ಹಾಗೆ ಹಿಡಿಯುತ್ತದೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ಟಂಟಂ ಆಟೊ, ಅದೂ ಇಲ್ಲದಿದ್ದರೆ ನಡಿಗೆ. ಆಗುವುದಿಲ್ಲ ಎಂದಿದ್ದ ಅತ್ತಿಯೇ ದಿನಾ ಬುತ್ತಿ ಕಟ್ಟಿ ಬಸ್‌ಸ್ಟ್ಯಾಂಡಿನ ತನಕ ಬರುತ್ತಿದ್ದಳು. ಬಂದವಳು ಸುಮ್ಮನೆ ಇರಬೇಕಲ್ಲ: “ಇವತ್ತರೆ ಬಿಡ್ತಿಯೇನು ಇದನ್ನ?” ಎಂದು ಕೇಳಿಯೇ ಬುತ್ತಿ ಕೊಡುತ್ತಿದ್ದಳು.

ಕೊನೆಯ ಸೆಮಿಸ್ಟರಿನ ಪರೀಕ್ಷೆ. ಇತಿಹಾಸದ ಪೇಪರ್ ಬಂತು; ಅದರ ನಂತರ ಇನ್ನೂ ಎರಡು ಬಾಕಿ. ರಾಷ್ಟ್ರಕೂಟರ ಬಗ್ಗೆ ದೊಡ್ಡ ಪ್ರಶ್ನೆ. ನನಗೆ ಚೆನ್ನಾಗಿ ಬರುತ್ತಿತ್ತು, ಬರೆಯುತ್ತ ಹೋದೆ. ಮೇಲ್ವಿಚಾರಣೆಗೆ ಬೇರೆ ಕಾಲೇಜಿನಿಂದ ಒಬ್ಬ ಮೇಡಮ್ ಬಂದಿದ್ದರು. ಅವರು ಅರ್ಧ ತಾಸಿನಿಂದ ನನ್ನನ್ನೇ ನೋಡುತ್ತಿದ್ದರಂತೆ. ನಾನು ಎರಡು ಬೆರಳು ಎತ್ತಿದ್ದಕ್ಕೂ ಪಕ್ಕದ ಸಾಲಿನ ಹುಡುಗಿ ಎದ್ದು ಇನ್ನೊಂದು ಹಾಳೆ ಕೇಳಿದ್ದಕ್ಕೂ ಸರಿಹೋಯಿತು. ಮೇಡಮ್ ಬಂದು ನನ್ನ ಮಣಿಕಟ್ಟು ಹಿಡಿದರು.

“ಯಾರಿಗಿ ಕೊಡ್ಲಿಕತ್ತಿ ಸಿಗ್ನಲ್?”

“ಯಾರಿಗೂ ಇಲ್ಲರಿ ಮೇಡಮ್.”

“ಎರಡು ಬೆರಳು ಯಾಕ ಎತ್ತಿದಿ? ಎರಡನೇ ಉತ್ತರ ಏನು?”

ಗಾಬರಿಯಲ್ಲಿ ನನ್ನ ಬಾಯಿಂದ ಖರೆಯೇ ಬಂತು. “ರಾಡು ಕೇಳಿದೆರಿ.”

“ರಾಡಾ?”

ಕೋಣೆ ತುಂಬ ನಗೆ. ಮೇಡಮ್ ನನ್ನನ್ನು ಪ್ರಿನ್ಸಿಪಾಲರ ಮುಂದೆ ನಿಲ್ಲಿಸಿದರು. ಉತ್ತರ ಪತ್ರಿಕೆಯನ್ನು ಬೇರೆ ಕವರಿನಲ್ಲಿ ಹಾಕಿ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ನಕಲು ಕೇಸು. ಅದು ನಿಂತರೆ ಇಡೀ ಸೆಮಿಸ್ಟರ್ ಹೋಗುತ್ತದೆ, ಮುಂದಿನ ಪರೀಕ್ಷೆಗೂ ಕೂಡಿಸುವುದಿಲ್ಲ ಎಂದು ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಒಮ್ಮೆ ನಿಂತ ಓದು ಮತ್ತೆ ಶುರುವಾದ ಉದಾಹರಣೆ ಇಲ್ಲ. ಅದು ನನಗೆ ಯಾರೂ ಹೇಳಬೇಕಿರಲಿಲ್ಲ.

“ಏನು ನಡೀತು ಅಂತ ಬರದು ಕೊಡು” ಎಂದರು ಪ್ರಿನ್ಸಿಪಾಲರು. ಬರೆದೆ. ನನ್ನ ತಂದೆ ಜ್ಯಾಕ್‌ಹ್ಯಾಮರ್ ಹಿಡಿಯುತ್ತಾರೆ, ಅಲ್ಲಿ ಕೈಸನ್ನೆ ಇರುತ್ತದೆ, ಅದು ನನಗೆ ಚಟವಾಗಿದೆ. ಓದಿದ ಪ್ರಿನ್ಸಿಪಾಲರು ನನ್ನ ಮುಖ ನೋಡಿದರು, ಮೇಡಮ್ ಮುಖ ನೋಡಿದರು. ಇಂಥ ಕಟ್ಟುಕಥೆ ಅವರು ಎಂದೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಗುಮಾಸ್ತರನ್ನು ಕರೆದು ನನ್ನ ಪ್ರವೇಶದ ಅರ್ಜಿ ತರಿಸಿದರು. ಮೂರು ವರ್ಷದ ಹಿಂದಿನ ಹಾಳೆ, ನನ್ನದೇ ದಪ್ಪಕ್ಷರ: ತಂದೆಯ ಉದ್ಯೋಗ, ಜ್ಯಾಕ್‌ಹ್ಯಾಮರ್ ಆಪರೇಟರ್.

“ಇವತ್ತ ಕಟ್ಟಿದ ಕಥಿ ಅಲ್ಲ ಇದು” ಎಂದು ಅವರು ಮೇಡಮ್‌ಗೆ ಆ ಸಾಲು ತೋರಿಸಿದರು. ಆಮೇಲೆ ನನಗೆ: “ನಾಳೆ ಹತ್ತಕ್ಕ ನಿಮ್ಮ ತಂದಿ ತಾಯಿನ ಕರಕೊಂಡು ಬಾ. ನಾಳೆ ಸಂಜಿಗಿ ವಿಶ್ವವಿದ್ಯಾಲಯಕ್ಕ ವರದಿ ಹೋಗಬೇಕು. ನಾ ಏನು ಬರೀಲಿ ಅಂತ ಅವರೇ ತೋರಸಲಿ.”

ಅಂದು ಅಪ್ಪ ಅವ್ವ ಕೋಡ್ಲಾ ಕಡೆಯ ಒಂದು ಹೊಲದಲ್ಲಿ ಬಾವಿಗೆ ಹೋಗಿದ್ದರು. ಟಂಟಂ ಹಿಡಿದು, ಉಳಿದದ್ದು ನಡೆದು ಮುಟ್ಟಿದೆ. ಕಂಪ್ರೆಸರ್ ಅಬ್ಬರಿಸುತ್ತಿತ್ತು. ನಲ್ಲಿಯ ಹತ್ತಿರ ನಿಂತಿದ್ದ ಅವ್ವ ನನ್ನನ್ನು ನೋಡಿ ಹುಬ್ಬು ಏರಿಸಿದಳು. ಬಾಯಿ ತೆರೆದೆ, ನನ್ನ ಮಾತು ನನಗೇ ಕೇಳಿಸಲಿಲ್ಲ. ಬಾವಿಯ ದಂಡೆಗೆ ಹೋಗಿ ಬಗ್ಗಿ ನೋಡಿದೆ. ಆಳದಲ್ಲಿ ಅಪ್ಪ, ಜೋಳದ ಹಿಟ್ಟಿನಲ್ಲಿ ಹೊರಳಿ ಎದ್ದವನ ಹಾಗೆ ಬೆಳ್ಳಗೆ. ನನ್ನ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ.

ನನ್ನ ಮೇಲೆ ಸುಳ್ಳು ಕೇಸು ಹಾಕಿದ್ದಾರೆ ಎಂದು ಹೇಳಲು ನಮ್ಮ ಸನ್ನೆಗಳಲ್ಲಿ ಏನೂ ಇಲ್ಲ. ಪರೀಕ್ಷೆ ಎನ್ನಲು ಇಲ್ಲ, ಕಾಲೇಜು ಎನ್ನಲು ಇಲ್ಲ. ಇದ್ದದ್ದು ಒಂದೇ. ನಾನು ಅಂಗೈಯನ್ನು ನೆತ್ತಿಯ ಮೇಲೆ ಇಟ್ಟೆ.

ಅಪ್ಪ ಯಾಕೆ ಎಂದು ಕೇಳಲಿಲ್ಲ. ಮಶಿನ್ನನ್ನು ತೂತಿನಲ್ಲೇ ಬಿಟ್ಟ. ಅವ್ವ ಗಾಳಿ ಬಂದ್ ಮಾಡಿದಳು. ಕಬ್ಬಿಣದ ನಿಚ್ಚಣಿಕೆ ಹತ್ತಿ ಮೇಲೆ ಬಂದವನು ಮೊದಲು ನೋಡಿದ್ದು ನನ್ನನ್ನಲ್ಲ, ಬಾವಿಯ ದಂಡೆಗಳನ್ನು.

“ಎಲ್ಲಿ ಬಿರದದ?”

“ಎಲ್ಲೂ ಇಲ್ಲಪ್ಪ.”

ಆಗ ಅವನಿಗೆ ಸಿಟ್ಟು ಬಂತು. ನನ್ನ ಮೇಲೆ ಅವನು ಸಿಟ್ಟಾದ ನೆನಪು ಅದೊಂದೇ. “ಆ ಕೈ ಹಂಗೆಲ್ಲ ಇಡೂದಲ್ಲ! ಒಮ್ಮಿ ಸುಳ್ಳ ಇಟ್ಟಿ ಅಂದ್ರ, ಮುಂದ ಖರೆ ಇಟ್ಟಾಗ ನಾ ತಡ ಮಾಡ್ತೀನಿ. ತಿಳೀತೇನು?”

ನಾನು ಅತ್ತೆ. ಅವನ ಎಡಗಿವಿಗೆ ಎಲ್ಲ ಹೇಳಿದೆ. ಅರ್ಧ ಅವ್ವ ಹೇಳಿದಳು. ಕೇಳಿ ಮುಗಿಸಿ ಅಪ್ಪ ಮುಖದ ವಸ್ತ್ರ ಬಿಚ್ಚಿ ಝಾಡಿಸಿದ.

“ಹಂಗಾರ ಸರಿ ಇಟ್ಟಿ ಬಿಡು” ಎಂದ. ಆಮೇಲೆ ಕೇಳಿದ: “ಎಷ್ಟು ಫೂಟ ಉಳದದ?”

“ಎರಡು ಪೇಪರ್ ಅಪ್ಪ.”

“ಎರಡಕ್ಕೇನು ಬಿಡೂದು! ನಡಿ, ನಾಳೆ ಬರ್ತೀನಿ.”

ಮರುದಿನ ಇಬ್ಬರೂ ಕೆಲಸ ಬಿಟ್ಟು ಬಂದರು. ಅಪ್ಪ ಒಗೆದ ಬಿಳಿ ಅಂಗಿ ಹಾಕಿದ್ದ. ಆದರೆ ಕಿವಿಯ ಮಡಿಕೆಗಳಲ್ಲಿ, ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ ಹಾಗೇ ಇತ್ತು. ಅದು ಯಾವ ಸಾಬೂನಿಗೂ ಹೋಗುವುದಿಲ್ಲ. ಪ್ರಿನ್ಸಿಪಾಲರು ಅಪ್ಪನನ್ನು ಕಾಲೇಜು ಮೈದಾನದ ಆ ತುದಿಗೆ, ಬೇವಿನ ಗಿಡದ ಹತ್ತಿರ ನಿಲ್ಲಿಸಿದರು. ಅವ್ವ ಈ ತುದಿಗೆ, ವರಾಂಡದ ಮೆಟ್ಟಿಲ ಮೇಲೆ. ಜೊತೆಗೆ ಮೇಡಮ್. ನನ್ನನ್ನು ಕೈ ಕಟ್ಟಿಸಿ ಒಳಗೆ ಕಿಟಕಿಯ ಹಿಂದೆ ಕೂಡಿಸಿದರು. ಎಲ್ಲ ಕಿಟಕಿಗಳಲ್ಲೂ ಹುಡುಗ ಹುಡುಗಿಯರ ತಲೆಗಳು.

“ಗಾಳಿ ಬಿಡ್ತೀನಿ ಅಂತ ಹೇಳ್ರಿ ನೋಡೋಣ” ಎಂದರು ಪ್ರಿನ್ಸಿಪಾಲರು.

ಅವ್ವ ಅಂಗೈ ಎತ್ತಿದಳು. ಆ ತುದಿಯಲ್ಲಿ ಅಪ್ಪ ಕಾಲು ಅಗಲಿಸಿ ನಿಂತು ಇಲ್ಲದ ಮಶಿನ್ ಹಿಡಿದ. ಯಾರೋ ಕಿಸಕ್ಕನೆ ನಕ್ಕರು. ಅಪ್ಪನಿಗೆ ಅದು ಕೇಳಿಸುವ ಹಾಗಿರಲಿಲ್ಲ. ಅವನ ಮೊಣಕೈ ನಡುಗತೊಡಗಿತು, ಆಮೇಲೆ ಭುಜ, ಆಮೇಲೆ ಕೆನ್ನೆ. ಮಶಿನ್ ಇಲ್ಲ, ಪೈಪಿಲ್ಲ, ಕಲ್ಲಿಲ್ಲ. ಆದರೂ ಅವನು ನಿಂತಿದ್ದ ನೆಲದಲ್ಲಿ ತೂತು ಬೀಳುತ್ತಿದೆ ಎಂದೇ ಅನಿಸುತ್ತಿತ್ತು. ನಗೆ ನಿಂತಿತು. ಅಪ್ಪ ಎರಡು ಬೆರಳು ಎತ್ತಿದ.

“ಏನಂತಾರ?” ಎಂದರು ಮೇಡಮ್.

“ಉದ್ದ ರಾಡು ಕೇಳ್ಲಿಕತ್ತಾರ್ರಿ” ಎಂದಳು ಅವ್ವ.

ಮೇಡಮ್ ಪ್ರಿನ್ಸಿಪಾಲರ ಕಡೆ ನೋಡಿದರು. ಅವರು ಅವ್ವನ ಕಡೆ ತಿರುಗಿದರು. “ಎಲ್ಲ ಖರೆ. ಆದ್ರ ಇದರಾಗ ಉತ್ತರ ಹೇಳಾಕ ಬರತದೋ ಇಲ್ಲೋ, ಅದು ನೋಡಬೇಕಲ್ಲ. ರಾಷ್ಟ್ರಕೂಟರ ರಾಜಧಾನಿ ಯಾವುದು ಅಂತ ಕೇಳ್ರಿ ನಿಮ್ಮ ಯಜಮಾನರಿಗಿ.”

ಅವ್ವ ಅವರನ್ನೇ ನೋಡಿದಳು. “ಸಾರ್, ಬಾವ್ಯಾಗ ಇದನ್ನ ಯಾರು ಕೇಳ್ತಾರ್ರಿ?”

“ಕೇಳ್ರಿ, ಕೇಳ್ರಿ.”

ಅವ್ವ ಅಂಗೈ ಎತ್ತಿ ಇಳಿಸಿದಳು. ಬೆರಳು ತಿರುವಿದಳು. ಅಪ್ಪ ಅಲ್ಲಿಂದಲೇ ಸಿಕ್ಕಿಬಿದ್ದ ರಾಡನ್ನು ಎಳೆದು ತೋರಿಸಿದ. ಅವ್ವನಿಗೆ ಬೇರೆ ದಾರಿ ಕಾಣಲಿಲ್ಲ. ಸೆರಗು ಸರಿಮಾಡಿಕೊಂಡು ಅಂಗೈಯನ್ನು ನೆತ್ತಿಯ ಮೇಲೆ ಇಟ್ಟಳು.

ಅಪ್ಪ ಓಡಿ ಬಂದ. ಆ ವಯಸ್ಸಿನ ಮನುಷ್ಯ, ಒಗೆದ ಅಂಗಿಯಲ್ಲಿ, ಇಡೀ ಮೈದಾನ ದಾಟಿ ಓಡಿಯೇ ಬಂದ. ಬಂದವನು ಹಿಂದೆ ತಿರುಗಿ ಬೇವಿನ ಗಿಡದ ಬುಡ ನೋಡಿದ, ಕಾಲೇಜಿನ ಗೋಡೆ ನೋಡಿದ.

“ಎಲ್ಲಿ ಬಿರದದ?”

“ಎಲ್ಲೂ ಬಿರದಿಲ್ಲ” ಅವ್ವ ಅವನ ಎಡಗಿವಿಗೆ ಒದರಿದಳು. “ರಾಷ್ಟ್ರಕೂಟರ ರಾಜಧಾನಿ ಯಾವುದಂತ ಸಾರು ಕೇಳ್ಲಿಕತ್ತಾರ!”

ಅಪ್ಪ ಪ್ರಿನ್ಸಿಪಾಲರ ಕಡೆ ತಿರುಗಿದ. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಎಲ್ಲ ಕಿಟಕಿಗಳಿಗೂ ಕೇಳುವ ಹಾಗೆ ಹೇಳಿದ: “ಮಳಖೇಡ್ ಅಲ್ಲೇನ್ರಿ ಸಾರ್? ಅಲ್ಲಿ ಕೋಟಿ ಗ್ವಾಡಿ ಮಗ್ಗಲಾಗೇ ನಾ ಎರಡು ಬಾವಿ ಹೊಡದೀನಲ್ಲರಿ. ಇಷ್ಟಕ್ಕ ಮ್ಯಾಲ ಕರೀತಾರೇನ್ರಿ?”

ಮೊದಲು ನಕ್ಕವರು ಮೇಡಮ್. ಆಮೇಲೆ ಪ್ರಿನ್ಸಿಪಾಲರು, ಆಮೇಲೆ ಕಿಟಕಿಗಳು. ಮೇಡಮ್ ಒಳಗೆ ಬಂದು ನನ್ನ ಮುಂದೆ ಕೂತರು. “ನಾ ನೋಡಿದ್ದು ಸುಳ್ಳಲ್ಲ. ಬೆರಳು ಎತ್ತಿದ್ದು ಖರೆ” ಎಂದರು. “ಹೌದ್ರಿ ಮೇಡಮ್” ಎಂದೆ. “ಎರಡೂ ಬರೀತೀನಿ” ಎಂದು ಅವರೇ ಪೆನ್ನು ತೆಗೆದರು. ವರದಿಯ ಜೊತೆ ಒಂದು ಹಾಳೆಯಲ್ಲಿ ನಮ್ಮ ಸನ್ನೆಗಳನ್ನೂ ಅವುಗಳ ಅರ್ಥವನ್ನೂ ಒಂದೊಂದಾಗಿ ಅವ್ವನಿಗೆ ಕೇಳಿ ಬರೆದುಕೊಂಡರು. ಕೆಳಗೆ ಅಪ್ಪ ಸಹಿ ಹಾಕಿದ, ಅವ್ವ ಹೆಬ್ಬೆಟ್ಟು ಒತ್ತಿದಳು. ನಮ್ಮ ಬಾವಿಯ ಭಾಷೆ ಕಾಗದದ ಮೇಲೆ ಬಂದದ್ದು ಅದೇ ಮೊದಲು. ಆ ಹಾಳೆಯ ಒಂದು ಪ್ರತಿ ನನ್ನ ಹತ್ತಿರ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಉಳಿದ ಎರಡು ಪೇಪರ್‌ಗಳಿಗೆ ಕೂಡಿಸಿದರು. ಹೋಗುವ ಮುಂಚೆ ಅತ್ತಿ ಒಂದು ಉಪಾಯ ಮಾಡಿದಳು. ನನ್ನ ಎಡಗೈಯ ಬೆರಳುಗಳನ್ನೆಲ್ಲ ಕೂಡಿಸಿ ಹಳೆ ಸೀರೆಯ ಚೂರಿನಿಂದ ಕಟ್ಟಿಬಿಟ್ಟಳು. ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಒಳಗೆ ಚೀಟಿ ಇದೆಯೇನೋ ಎಂದು ಅದನ್ನು ಬಿಚ್ಚಿಸಿದರು. ಕೊನೆಗೆ ನಾನು ಎರಡೂ ಪೇಪರ್‌ಗಳನ್ನು ಎಡಗೈಯ ಮೇಲೆ ಕೂತು ಬರೆದೆ. ಮೂರು ತಾಸು ಕೈ ಜೋಮು ಹಿಡಿದು, ಎದ್ದಾಗ ಅಪ್ಪನ ಕೈಯ ಹಾಗೆಯೇ ನಡುಗುತ್ತಿತ್ತು.

ಫಲಿತಾಂಶ ಬಂತು, ನನ್ನದು ಬರಲಿಲ್ಲ. ಹೆಸರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದಿತ್ತು. ನನ್ನ ಜೊತೆಯವರು ಪೇಡೆ ಹಂಚಿದರು, ಬಿ.ಎಡ್.ಗೆ ಅರ್ಜಿ ಹಾಕಿದರು. ನಾನು ಪರಸಿಯ ಮೇಲೆ ಕೂತು ಫೋನು ನೋಡುತ್ತಿದ್ದೆ. ವಾರಗಳು ಹೋದವು. ಆ ದಿನಗಳಲ್ಲಿ ನಾನು ಕಾಯುತ್ತಿದ್ದದ್ದು ಅತ್ತಿಯ ಮಾತಿಗೆ. ನಾ ಹೇಳಿರಲಿಲ್ಲೇನು ಎಂದು ಆಕೆ ಒಂದು ದಿನ ಹೇಳಿಯೇ ಹೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಹೇಳಲಿಲ್ಲ. ದಿನಾ ಬೆಳಿಗ್ಗೆ ನನ್ನ ಮಗ್ಗುಲಿಗೆ ಬಂದು ಕೂತು, “ಬಿಚ್ಚು ಆ ಫೋನ, ನೋಡು” ಎನ್ನುತ್ತಿದ್ದಳು. ಬಾವಿಯ ಕೆಲಸವೂ ಆಗ ಕಡಿಮೆಯಾಗಿತ್ತು. ನೆಲ ಅಗೆಯುವ ದೊಡ್ಡ ಹಿಟಾಚಿಗಳಿಗೆ ಕಲ್ಲು ಒಡೆಯುವ ಕೊಕ್ಕು ಕೂಡಿಸಿಕೊಂಡು ಬರತೊಡಗಿದ್ದರು. ಅಪ್ಪ ಅವುಗಳನ್ನು ನಿಂತು ನೋಡುತ್ತಿದ್ದ, ಬೈಯುತ್ತಿರಲಿಲ್ಲ. “ಜೋರು ಅದ. ಆದ್ರ ಅದಕ ಕಲ್ಲು ಏನಂತದ ಅಂತ ತಿಳಿಯಲ್ಲ” ಎನ್ನುತ್ತಿದ್ದ. ಹಿಟಾಚಿ ಇಳಿಯಲಾರದ ಸಣ್ಣ ಬಾಯಿಯ ಬಾವಿಗಳಿಗೆ ಇವತ್ತಿಗೂ ಅವನನ್ನೇ ಕರೆಯುತ್ತಾರೆ.

ಒಂದು ಬೆಳಿಗ್ಗೆ ಫೋನಿನಲ್ಲಿ ‘ತಡೆಹಿಡಿಯಲಾಗಿದೆ’ ಎಂಬುದು ಹೋಗಿ ಅಂಕಗಳು ಬಂದವು. ಪಾಸ್. ಸೆಕೆಂಡ್ ಕ್ಲಾಸ್. ಫಸ್ಟ್ ಕ್ಲಾಸ್ ಅಲ್ಲ ಎಂದು ನನಗೆ ಅವತ್ತೂ ನಾಚಿಕೆಯಾಗಲಿಲ್ಲ, ಇವತ್ತೂ ಇಲ್ಲ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದ ದಿನ ನಾಲ್ವರೂ ಹೋದೆವು. ಅತ್ತಿ ಮದುವೆಗಳಿಗೆ ಮಾತ್ರ ತೆಗೆಯುವ ಇಳಕಲ್ ಸೀರೆ ಉಟ್ಟಿದ್ದಳು. ಅದೇ ಕಿಟಕಿ, ಅದೇ ಗುಮಾಸ್ತರು. ನಮ್ಮನ್ನು ನೋಡಿದ ಕೂಡಲೇ ಅವರು ಒಳಗಿದ್ದವರಿಗೆ ಕೂಗಿದರು: “ಜ್ಯಾಕ್‌ಹ್ಯಾಮರ್ ಮನಿಯವರು ಬಂದ್ರು, ಆ ಫೈಲ್ ಕೊಡ್ರಿ.” ಅಪ್ಪನ ಮುಖ ನೋಡಿದೆ. ಕೇಳಿಸಿತೋ ಇಲ್ಲವೋ. ಗುಮಾಸ್ತರ ತುಟಿ ಓದಿರಬೇಕು, ಬೆನ್ನು ನೆಟ್ಟಗಾಯಿತು.

ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಗುಮಾಸ್ತರು ಪ್ಲಾಸ್ಟಿಕ್ ಕವರಿನಲ್ಲಿದ್ದ ಹಾಳೆಯನ್ನು ಕಿಟಕಿಯಿಂದ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಅದನ್ನು ಅಪ್ಪನ ಕಡೆ ಚಾಚಿದೆ. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಆದರೂ ಮುಟ್ಟಲಿಲ್ಲ. ಅಕ್ಕನ ಕಡೆ ಗದ್ದ ತೋರಿಸಿದ. ಮೊದಲು ಆಕೆಗೆ ಕೊಡು ಎಂದು.

ಅತ್ತಿಯ ಕೈಯಲ್ಲಿ ಇಟ್ಟೆ. ಆಕೆಗೆ ಓದಲು ಬರುವುದಿಲ್ಲ. ಹಾಳೆಯನ್ನು ಒಮ್ಮೆ ಹಿಂದೆ ಮುಂದೆ ತಿರುವಿ ನೋಡಿದಳು, ನನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಅಪ್ಪನ ಎಡಗಿವಿಯ ಹತ್ತಿರ ಹೋಗಿ ಒದರಿದಳು:

“ನಿನ್ನ ಮಶಿನ್ ಎಷ್ಟು ಕಿಲೊ ಅಂದಿದ್ದಿಪಾ ಅವತ್ತ?”